ಕೆಂಪು ಫೋಟೊಗೆ 4.28

ಹಾವೇರಿಯಲ್ಲಿ ನನ್ನದೊಂದು ಚಿಕ್ಕ ಫೋಟೊ ಸ್ಟುಡಿಯೊ ಇದೆ. ಮದುವೆ, ಕುಬಸ, ನಿಶ್ಚಯ, ಪಾಸ್‌ಪೋರ್ಟ್ ಸೈಜು. ಸ್ಪರ್ಧೆಗೆ ಫೋಟೊ ಕಳಿಸುವ ಹುಚ್ಚು ನನಗೆ ಹಿಡಿದಿಲ್ಲ. ಹಿಡಿದಿರುವುದು ನನ್ನ ಅಕ್ಕನ ಮಗನಿಗೆ. ಅವನು ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಸಂಬಳದಲ್ಲಿ ಉಳಿಸಿ ಒಂದು ನಿಕಾನ್ ಕ್ಯಾಮೆರಾ ತಗೊಂಡಿದ್ದಾನೆ. ಸೆಕೆಂಡ್ ಹ್ಯಾಂಡ್. ಕೊಡಿಸಿದ್ದು ನಾನೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಂದು ಭಾನುವಾರ ಬೆಳಗ್ಗೆ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಸ್ಟುಡಿಯೊಗೆ ಬಂದ. ಮುಖ ಸಪ್ಪಗಿತ್ತು. ಚಹಾ ತರಿಸಿದೆ, ಕುಡಿಯಲಿಲ್ಲ.

"ಮಾಮಾ, ಇದ್ರಾಗ ಏನ್ ತಪ್ಪೈತಿ ನೀವ ಹೇಳ್ರಿ. ನಾಕು ಪಾಯಿಂಟ್ ಎರಡು ಎಂಟು ಕೊಟ್ಟಾರ. ಒಬ್ರರ ಒಂದು ಮಾತು ಬರದಿಲ್ಲ."

ಅವನು ಫೋಟೊ ಹಾಕುವ ತಾಣದ ಹೆಸರು ಇಲ್ಲಿ ಬೇಡ. ಪದ್ಧತಿ ಮಾತ್ರ ಹೇಳುತ್ತೇನೆ. ವಾರಕ್ಕೊಂದು ವಿಷಯ ಕೊಡುತ್ತಾರೆ. ಒಬ್ಬರಿಗೆ ಒಂದೇ ಫೋಟೊ. ಆಮೇಲೆ ಒಂದು ವಾರ ಮತದಾನ. 1ರಿಂದ 10ರವರೆಗೆ ಅಂಕ. ಕೊಡುವವರು ಬೇರೆ ಯಾರೋ ತೀರ್ಪುಗಾರರಲ್ಲ, ಹೆಚ್ಚಿನಂಶ ಸ್ಪರ್ಧೆಗೆ ಇಳಿದವರೇ. ಯಾರು ಎಷ್ಟು ಕೊಟ್ಟರು ಅಂತ ಗೊತ್ತಾಗುವುದಿಲ್ಲ. ಅಂಕದ ಜೊತೆ ಎರಡು ಮಾತು ಬರೆಯಬೇಕು ಅನಿಸಿದರೆ ಬರೆಯಬಹುದು, ಕಡ್ಡಾಯ ಇಲ್ಲ. ಈ ಬಗೆಯ ವ್ಯವಸ್ಥೆ ಹೊಸದೇನಲ್ಲ. ಡಿಪಿಚಾಲೆಂಜ್ ಅನ್ನುವ ತಾಣ 2002ರಿಂದಲೂ 1ರಿಂದ 10ರ ಲೆಕ್ಕದಲ್ಲೇ ನಡೆದಿದೆ. ಫೋಟೊ ಡಾಟ್ ನೆಟ್‌ನಲ್ಲಿ ಹೊಸತನಕ್ಕೊಂದು, ಅಂದಕ್ಕೊಂದು ಅಂತ 1ರಿಂದ 7ರವರೆಗೆ ಎರಡು ಅಂಕ ಕೊಡುವ ರೂಢಿ ಇತ್ತು. "ಕಡಿಮೆ ಅಂಕ ಕೊಟ್ಟಿರಿ, ಸರಿ, ಯಾಕೆ ಅಂತ ಹೇಳಿ" ಅನ್ನುವ ಜಗಳ ಇಂಥ ಜಾಗಗಳಲ್ಲಿ ಅಂದಿನಿಂದಲೂ ಇದೆ.

ಆ ವಾರದ ವಿಷಯ "ಕೆಂಪು".

ಬ್ಯಾಡಗಿಯಲ್ಲಿ ಇರುವವನಿಗೆ ಕೆಂಪು ಅಂದರೆ ಇನ್ನೇನು ಹೊಳೆಯಬೇಕು? ಸೀಸನ್ನಿನಲ್ಲಿ ಆ ಪೇಟೆಗೆ ಹೋದವರಿಗೆ ಗೊತ್ತು. ಮಾರುಕಟ್ಟೆ ತುಂಬಾ ಚೀಲ, ಚೀಲದ ಬಾಯಲ್ಲಿ ಮೆಣಸಿನಕಾಯಿ, ಗಾಳಿಯಲ್ಲಿ ಘಾಟು. ಬ್ಯಾಡಗಿ ಕಾಯಿಗೆ ಖಾರ ಕಮ್ಮಿ, ಬಣ್ಣ ಜಾಸ್ತಿ. ಸುಕ್ಕು ಸುಕ್ಕಾಗಿ ಒಣಗಿದ ಆ ಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದಕ್ಕೂ ಬಣ್ಣದ ಪಾಲು ದೊಡ್ಡದು. ಅದರ ಬಣ್ಣ ತೆಗೆದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ಅಂಥ ಕೆಂಪು ಇವನ ಅಂಗಡಿಯ ಹಿಂದಿನ ಅಂಗಳದಲ್ಲೇ ರಾಶಿ ಬಿದ್ದಿರುತ್ತದೆ.

ಫೋಟೊ ಹೀಗಿತ್ತು. ರಾಶಿಯ ಪಕ್ಕ ಕೂತು ಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುತ್ತಿರುವ ಒಬ್ಬ ವಯಸ್ಸಾದ ಹೆಂಗಸು. ಮುಖ ಚೌಕಟ್ಟಿನ ಆಚೆ. ಕಾಣುವುದು ಎರಡು ಕೈ, ಒಂದಿಷ್ಟು ಹಸಿರು ಬಳೆ, ಉಳಿದದ್ದೆಲ್ಲ ಕಾಯಿ. ಮೇಲಿನ ತಗಡಿನ ಸಂದಿಯಿಂದ ಬಿಸಿಲಿನ ಒಂದು ಪಟ್ಟಿ ಸರಿಯಾಗಿ ಬೆರಳ ಮೇಲೆ ಬಿದ್ದಿತ್ತು. ಲ್ಯಾಪ್‌ಟಾಪಿನಲ್ಲಿ ನೋಡಿದೆ. ಚೆನ್ನಾಗಿಯೇ ಇತ್ತು. ಅಳಿಯ ಅಂತ ಹೇಳುತ್ತಿಲ್ಲ. ಇಷ್ಟು ವರ್ಷ ಫೋಟೊ ತೊಳೆದು, ಕತ್ತರಿಸಿ, ಅಂಟಿಸಿ ಬದುಕಿದವನು ನಾನು. 4.28ರ ಫೋಟೊ ಅದಲ್ಲ.

164 ಫೋಟೊ ಬಂದಿದ್ದವು. ಇವನದು 131ನೆಯದು. ಆ ವಾರವೆಲ್ಲ ಅವನು ಗಂಟೆಗೊಮ್ಮೆ ಮೊಬೈಲ್ ತೆಗೆದು ರಿಫ್ರೆಶ್ ಮಾಡುತ್ತಾ ಇದ್ದನಂತೆ. 4.41 ಇದ್ದದ್ದು 4.33 ಆಯಿತು, 4.30 ಆಯಿತು. ಟೆಂಡರ್ ದಿನ ಚೀಲದ ಲೆಕ್ಕದಲ್ಲಿ ಒಂದು ಸೊನ್ನೆ ಬಿಟ್ಟು ಸಾಹುಕಾರರಿಂದ ಬೈಸಿಕೊಂಡನಂತೆ.

ಅವನ ಅನುಮಾನ ಒಂದೇ. "ಬೇಕಂತ ಒಂದ ಅಂಕ ಹಾಕ್ಯಾರ ಮಾಮಾ. ತಮ್ಮದು ಮ್ಯಾಲ ಬರಲಿ ಅಂತ ನಮ್ಮದನ್ನ ತುಳಿತಾರ."

ಈ ಅನುಮಾನ ಪೂರ್ತಿ ಸುಳ್ಳು ಅಂತ ನಾನು ಹೇಳಲಾರೆ. ಆಡುವವರೇ ಅಂಪೈರುಗಳಾದ ಆಟದಲ್ಲಿ ಅಂಥವರು ಇರುತ್ತಾರೆ. ಆದರೆ ಎಷ್ಟು ಜನ, ಅವರಿಂದ ಎಷ್ಟು ನಷ್ಟ? ಅದನ್ನು ಲೆಕ್ಕ ಹಾಕಬಹುದಲ್ವಾ. ಲೆಕ್ಕ ಬರೆಯುವ ಹುಡುಗ ಅದೊಂದನ್ನು ಬಿಟ್ಟು ಬೇರೆಲ್ಲ ಮಾಡಿದ್ದ.

ಮತದಾನ ಮುಗಿದ ಮೇಲೆ ಯಾವ ಅಂಕ ಎಷ್ಟು ಜನ ಕೊಟ್ಟರು ಅಂತ ಆ ತಾಣದಲ್ಲಿ ಒಂದು ಪಟ್ಟಿ ಬರುತ್ತದೆ. ಹೆಸರು ಇಲ್ಲ, ತಲೆ ಎಣಿಕೆ ಮಾತ್ರ. ಇವನ ಫೋಟೊಗೆ 120 ಮತ. 1 ಕೊಟ್ಟವರು 6. 2 ಕೊಟ್ಟವರು 9. 3 ಕೊಟ್ಟವರು 21. 4 ಕೊಟ್ಟವರು 31, 5 ಕೊಟ್ಟವರು 29. 6 ಕೊಟ್ಟವರು 15. 7 ಕೊಟ್ಟವರು 6, 8 ಕೊಟ್ಟವರು ಇಬ್ಬರು, 9 ಒಬ್ಬರು. 10 ಯಾರೂ ಕೊಟ್ಟಿಲ್ಲ. ಕೂಡಿಸಿದರೆ 513. ಭಾಗಿಸಿದರೆ 4.28.

"ಒಂದು ಕೊಟ್ಟ ಆ ಆರು ಮಂದಿನ್ನ ಹೊರಗ ಹಾಕು," ಅಂದೆ. ಹಾಕಿದ. 507ನ್ನು 114ರಿಂದ ಭಾಗಿಸಿದರೆ 4.45. ಇಷ್ಟೇ. ಅವನು ವಾರವೆಲ್ಲ ಬೈದುಕೊಂಡಿದ್ದ ಶತ್ರುಗಳನ್ನೆಲ್ಲ ಓಡಿಸಿದರೂ ಸಿಕ್ಕಿದ್ದು 0.17. ಇನ್ನೂ ಒಂದು ತೋರಿಸಿದೆ. ಆ ವಾರ ಗೆದ್ದ ಫೋಟೊ ತೆಗೆದು ನೋಡಿದರೆ ಅದಕ್ಕೂ ನಾಲ್ಕು ಜನ 1 ಕೊಟ್ಟಿದ್ದರು. ಎಲ್ಲರಿಗೂ ಮಳೆ ಬಿದ್ದರೆ ಅದು ನನ್ನ ಮೇಲಿನ ಸಿಟ್ಟಲ್ಲ.

ಈ ಪಟ್ಟಿಯನ್ನು ಚಿತ್ರವಾಗಿ ಬರೆದರೆ, ಸರಾಸರಿಗಿಂತ ಅದರ ಆಕಾರವೇ ಜಾಸ್ತಿ ಮಾತಾಡುತ್ತದೆ. ಕೆಲವು ಫೋಟೊಗಳಿಗೆ ಎರಡು ಗುಡ್ಡ ಇರುತ್ತವೆ, 2-3ರ ಹತ್ತಿರ ಒಂದು, 8-9ರ ಹತ್ತಿರ ಇನ್ನೊಂದು. ಅದು ಜಗಳ ಹಚ್ಚಿದ ಫೋಟೊ. ಕೆಲವರಿಗೆ ತುಂಬಾ ಹಿಡಿಸಿದೆ, ಕೆಲವರಿಗೆ ಆಗಿಬಂದಿಲ್ಲ. ಅಂಥದ್ದಕ್ಕೆ 5 ಬಂದರೂ ನಾನು ಬೇಜಾರಾಗುವುದಿಲ್ಲ. ಇವನದಕ್ಕೆ ಒಂದೇ ಗುಡ್ಡ, 4 ಮತ್ತು 5ರ ನಡುವೆ. ಅಲ್ಲಿ ದ್ವೇಷ ಇಲ್ಲ. ಅರವತ್ತು ಜನ ಸುಮ್ನೆ ನೋಡಿ, ಸಾಧಾರಣ ಅಂದುಕೊಂಡು ಮುಂದಕ್ಕೆ ಹೋಗಿದ್ದಾರೆ. ಬೈದಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲವೇನೋ.

ಸರಿ, ಶತ್ರುಗಳಲ್ಲ. ಹಾಗಾದರೆ ಅರವತ್ತು ಜನರಲ್ಲಿ ಒಬ್ಬರಾದರೂ ಯಾಕೆ ಒಂದು ಸಾಲು ಬರೆಯಲಿಲ್ಲ?

"ನಿಂದು ತಗಿ," ಅಂದೆ. "ಆ ವಾರ ನೀನು ಯಾರ್‍ಯಾರಿಗೆ ಎಷ್ಟೆಷ್ಟು ಕೊಟ್ಟಿ, ಅದನ್ನ ತಗಿ."

ತೆಗೆಯಲು ಸ್ವಲ್ಪ ಹಿಂದೆ ಮುಂದೆ ನೋಡಿದ. ಆಮೇಲೆ ತೆಗೆದ. ಒಂದು ರಾತ್ರಿ ಊಟ ಆದ ಮೇಲೆ ಅರ್ಧ ತಾಸಿನಲ್ಲಿ ಅಷ್ಟಕ್ಕೂ ಅಂಕ ಒತ್ತಿದ್ದ. ಒಂದು ಫೋಟೊಗೆ ಹನ್ನೊಂದು ಸೆಕೆಂಡ್. 3 ಅಥವಾ ಅದಕ್ಕಿಂತ ಕಮ್ಮಿ ಕೊಟ್ಟದ್ದು 41 ಫೋಟೊಗೆ. ಮಾತು ಬರೆದದ್ದು ಎರಡಕ್ಕೆ. ಆ ಎರಡೂ ಅವನು 9 ಕೊಟ್ಟವು.

"ಈ ನಲವತ್ತೊಂದು ಮಂದಿ ಇವತ್ತ ತಮ್ಮ ತಮ್ಮ ಮಾಮನ ಮುಂದ ಕುಂತಿರ್ತಾರ ನೋಡು," ಅಂದೆ.

ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ. "ಏನಂತ ಬರೀಲಿ ಮಾಮಾ? ಇಂಗ್ಲಿಷ್‌ನಾಗ ಬರೀಬೇಕು. ಮತ್ತ ಬರದ್ರ ನನ್ನ ಹೆಸರು ಕಾಣತೈತಿ."

ಗಂಟು ಇರುವುದು ಇಲ್ಲೇ. ಅಂಕಕ್ಕೆ ಹೆಸರಿಲ್ಲ, ಮಾತಿಗೆ ಹೆಸರಿದೆ. ನಾನು 3 ಕೊಟ್ಟು ಸುಮ್ಮನಿದ್ದರೆ ನಾನು ಯಾರೂ ಅಲ್ಲ. 3 ಕೊಟ್ಟು "ಹಿಂದಿನ ಕಂಬ ತಲೆಯ ಮೇಲೆ ಬೆಳೆದ ಹಾಗೆ ಕಾಣುತ್ತದೆ" ಅಂತ ಬರೆದರೆ, ಆ ಕಂಬದವನಿಗೆ ನನ್ನ ಹೆಸರು ಸಿಕ್ಕಿತು. ಮುಂದಿನ ವಾರ ನನ್ನ ಫೋಟೊ ಅವನ ಮುಂದೆ ಬರುತ್ತದೆ. ಹೀಗಿರುವಾಗ ಒಳ್ಳೆಯದನ್ನು ಹೆಸರು ಹಾಕಿ ಹೇಳುತ್ತಾರೆ, ಕೆಟ್ಟದ್ದನ್ನು ಅಂಕದಲ್ಲಿ ಹೇಳಿ ಜಾರಿಕೊಳ್ಳುತ್ತಾರೆ. ಇದು ಜನರ ಕೆಟ್ಟತನ ಅಂತ ನನಗೆ ಅನಿಸುವುದಿಲ್ಲ. ಬಾಗಿಲನ್ನು ಇಟ್ಟಿರುವುದೇ ಹಾಗೆ.

ಬೇರೆ ರೀತಿ ಇಟ್ಟಿರುವ ಜಾಗವೂ ಉಂಟು. ವಿಕಿಪೀಡಿಯದವರ ಫೋಟೊ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಒಳ್ಳೆಯ ಫೋಟೊಗಳನ್ನು ಆರಿಸಿ "ವಿಶೇಷ ಚಿತ್ರ" ಅಂತ ಪಟ್ಟ ಕಟ್ಟುತ್ತಾರೆ. ಒಂಬತ್ತು ದಿನದ ಮತದಾನ. ಕಡಿಮೆ ಅಂದರೆ ಏಳು ಜನ ಬೇಕು ಅನ್ನಬೇಕು, ಒಟ್ಟಿನಲ್ಲಿ ಮೂರರಲ್ಲಿ ಎರಡು ಪಾಲು ಪರವಾಗಿರಬೇಕು. ಅಲ್ಲಿ ಮತವೂ ಬಹಿರಂಗ, ಹೆಸರೂ ಬಹಿರಂಗ. ಬೇಡ ಅನ್ನುವವರು ಕಾರಣ ಹೇಳಬೇಕು ಅನ್ನುವುದು ಅಲ್ಲಿನ ರೀತಿ. ದಿಗಂತ ಓರೆಯಾಗಿದೆ, ಮೂಲೆ ಮಸುಕಾಗಿದೆ, ಆಕಾಶ ಸುಟ್ಟು ಬೆಳ್ಳಗಾಗಿದೆ, ಹೀಗೆ ಮುಖಕ್ಕೆ ಹೊಡೆದ ಹಾಗೆ ಬರೆಯುತ್ತಾರೆ. ಕಲಿಯಬೇಕು ಅನ್ನುವವನು ಆ ಪುಟಗಳನ್ನು ಸುಮ್ನೆ ಓದಿದರೂ ಸಾಕು. ತೆಳು ಚರ್ಮದವರಿಗೆ ಮಾತ್ರ ಕಷ್ಟ.

ಹಾಗಂತ ಮಾತು ಇದ್ದ ಕೂಡಲೇ ಬುದ್ಧಿ ಇರುತ್ತದೆ ಅಂತ ನಂಬಿದರೂ ಮೋಸ. 2006ರಲ್ಲಿ ಫ್ಲಿಕರ್ ಅನ್ನುವ ಫೋಟೊ ತಾಣದಲ್ಲಿ ನಡೆದದ್ದು ಅದೇ. ಅಲ್ಲಿ ಒಂದು ಗುಂಪು ಇತ್ತು. ಫೋಟೊ ಹಾಕಿದರೆ ಸದಸ್ಯರು ಉಳಿಸು ಇಲ್ಲವೇ ಅಳಿಸು ಅಂತ ಮತ ಹಾಕಬೇಕು. ಯಾರೋ ಒಬ್ಬರು ಹೆಸರು ಹೇಳದೆ, ಹೆಸರಾಂತ ಫ್ರೆಂಚ್ ಫೋಟೊಗ್ರಾಫರ್ ಆನ್ರಿ ಕಾರ್ತಿಯೇ ಬ್ರೆಸೋನ್ 1932ರಲ್ಲಿ ಫ್ರಾನ್ಸಿನ ಇಯೇರ್‌ನಲ್ಲಿ ತೆಗೆದ ಫೋಟೊ ಹಾಕಿದರು. ಸುರುಳಿ ಮೆಟ್ಟಿಲು, ಕೆಳಗೆ ಬೀದಿಯಲ್ಲಿ ಸರ್‍ರನೆ ಹೋಗುತ್ತಿರುವ ಸೈಕಲ್ ಸವಾರ. ಜಗತ್ತಿನ ಫೋಟೊ ಚರಿತ್ರೆಯಲ್ಲಿ ಹೆಸರಾಗಿ ನಿಂತಿರುವ ಫೋಟೊ ಅದು. ಗುಂಪಿನವರು ಮಸುಕಾಗಿದೆ ಅಂದರು, ಚಿಕ್ಕದಾಗಿದೆ ಅಂದರು, ಅಳಿಸಿ ಅಂತ ಮತ ಹಾಕಿ ಹೊರಗೆ ಕಳಿಸಿದರು. ಇದನ್ನು ಅಳಿಯನಿಗೆ ಹೇಳಿದಾಗ ಅವನ ಮುಖ ಅರಳಿತು. ತಾನೂ ಬ್ರೆಸೋನ್ ಅಂದುಕೊಂಡುಬಿಟ್ಟ ಅಂತ ಕಾಣುತ್ತದೆ. ಕೂಡಲೇ ಬೇರೆ ಮಾತು ತೆಗೆದೆ.

ಅಂತೂ ಫೋಟೊದಲ್ಲಿ ಏನು ಕಮ್ಮಿ ಅನ್ನುವುದು ಇನ್ನೂ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ನಮ್ಮಿಬ್ಬರಿಂದಲೂ ಅಲ್ಲ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ರೈತರು ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಸಲು ಬಂದರು. ಬ್ಯಾಂಕಿನ ಕೆಲಸ ಇತ್ತಂತೆ. ಪ್ರಿಂಟ್ ಬರುವವರೆಗೆ ಬೆಂಚಿನ ಮೇಲೆ ಕೂತರು. ಅಳಿಯ ಪಕ್ಕದಲ್ಲಿ ಮೊಬೈಲಿನಲ್ಲಿ ಆ ತಾಣ ತೆಗೆದು ಮತ್ತೆ ಅದೇ ಫೋಟೊ ನೋಡುತ್ತಾ ಇದ್ದ. ಅವರು ಕತ್ತು ಚಾಚಿ ನೋಡಿದರು. ಮೆಣಸಿನಕಾಯಿ ಅಂದರೆ ನಮ್ಮ ಕಡೆಯವರ ಕಣ್ಣು ತಾನಾಗಿ ಹೋಗುತ್ತದೆ.

"ಹ್ವಾದ ವರ್ಷದ ಮಾಲೇನ್ರಿ ಇದು? ಬಣ್ಣ ಹೋಗೇತಲ್ಲ."

ಅಳಿಯನಿಗೆ ಸಿಟ್ಟು ಬಂತು. "ಇಲ್ರಿ ಕಾಕಾ, ಹೊಸಾ ಮಾಲು. ಡಬ್ಬಿ ತಳಿ. ಬಂದ ದಿನಾನ ತಗದೇನಿ." ಅಂದವನೇ ಲ್ಯಾಪ್‌ಟಾಪ್ ಎಳೆದು ಅವರ ಮುಂದೆ ಹಿಡಿದ. "ನೋಡ್ರಿ."

ಅವರು ಲ್ಯಾಪ್‌ಟಾಪ್ ನೋಡಿದರು. ಮೊಬೈಲ್ ನೋಡಿದರು. ಮತ್ತೆ ಲ್ಯಾಪ್‌ಟಾಪ್ ನೋಡಿದರು.

"ಇದು ಚಲೋ ಐತಿ. ಅದು ಬ್ಯಾರೆ ಮಾಲು."

ನಾನು ಕತ್ತರಿ ಕೆಳಗಿಟ್ಟು ಎದ್ದು ಬಂದೆ. ಎರಡನ್ನೂ ಅಕ್ಕಪಕ್ಕ ಹಿಡಿದರೆ ಅವರು ಹೇಳಿದ್ದು ಕಣ್ಣಿಗೆ ಹೊಡೆಯುವ ಹಾಗಿತ್ತು. ಲ್ಯಾಪ್‌ಟಾಪಿನಲ್ಲಿ ರಕ್ತಗೆಂಪು. ಮೊಬೈಲಿನಲ್ಲಿ ಹಳೆಯ ಹಂಚಿನ ಬಣ್ಣ. ಬಿಸಿಲಿನ ಪಟ್ಟಿಯೂ ಮಂಕು. ಹಸಿರು ಬಳೆ ಬೂದಿ ಬಳಿದ ಹಾಗೆ. ಇವನು ವಾರವೆಲ್ಲ ಇದೇ ಮೊಬೈಲಿನಲ್ಲಿ ನೂರು ಸಲ ನೋಡಿದ್ದಾನೆ! ಆದರೆ ಆ ಕಾಯಿ ಎಷ್ಟು ಕೆಂಪಗಿತ್ತು ಅಂತ ಅವನಿಗೆ ಗೊತ್ತು. ಕಣ್ಣಿಗೆ ಕಂಡದ್ದನ್ನು ನೆನಪು ತಿದ್ದಿ ಕೊಡುತ್ತಿತ್ತು. ಮತ ಹಾಕಿದ 120 ಜನರಿಗೆ ಆ ನೆನಪು ಇರಲಿಲ್ಲ. ವಿಷಯ "ಕೆಂಪು", ಮುಂದೆ ಇರುವುದು ಕಂದು. ಅವರು 4 ಕೊಟ್ಟದ್ದರಲ್ಲಿ ತಪ್ಪೇನು?

ಇಂಥದ್ದು ನನಗೆ ಹಿಂದೆ ಒಮ್ಮೆ ಆಗಿತ್ತು. ಒಂದು ಮದುವೆ ಆಲ್ಬಮ್ಮು. ಲ್ಯಾಬಿನಿಂದ ಬಂದಾಗ ಧಾರೆ ಸೀರೆಯ ಕೆಂಪು ಸತ್ತು ಹೋಗಿತ್ತು. ಹುಡುಗಿಯ ತಾಯಿ ಆಲ್ಬಮ್ ತೆರೆದು ಒಂದೇ ಮಾತು ಕೇಳಿದರು, "ಇದು ನಮ್ಮ ಸೀರಿನ?" ಲ್ಯಾಬಿನವರ ಮೇಲೆ ಹಾರಾಡಿದೆ. ತಪ್ಪು ಅವರದಾಗಿರಲಿಲ್ಲ, ನನ್ನದು. ಆಲ್ಬಮ್ ನನ್ನ ಖರ್ಚಿನಲ್ಲೇ ಎರಡನೇ ಸಲ ಮಾಡಿಸಿಕೊಟ್ಟೆ. ಆ ದುಡ್ಡು ಕಲಿಸಿದ ಪಾಠ ನೆನಪಾಗಿ ಅಳಿಯನಿಗೆ ಹೇಳಿದೆ, "ಫೈಲಿನ ಹೆಸರು ಓದು."

ನಿಕಾನ್ ಕ್ಯಾಮೆರಾದಲ್ಲಿ ಫೈಲಿನ ಹೆಸರು ಸಾಮಾನ್ಯವಾಗಿ ಡಿಎಸ್‌ಸಿ, ಆಮೇಲೆ ಅಡಿಗೆರೆ (_), ಆಮೇಲೆ ನಾಲ್ಕು ಅಂಕಿ. ಇವನ ಫೈಲಿನಲ್ಲಿ ಆ ಅಡಿಗೆರೆ ಡಿಎಸ್‌ಸಿ ಆದ ಮೇಲೆ ಇರಲಿಲ್ಲ. ಡಿಎಸ್‌ಸಿಗೂ ಮುಂಚೆ, ಹೆಸರಿನ ಶುರುವಿನಲ್ಲೇ ಕೂತಿತ್ತು. ಅಡಿಗೆರೆ ಮುಂದಕ್ಕೆ ಹೋಗಿದೆ ಅಂದರೆ ಕ್ಯಾಮೆರಾ ಅಡೋಬಿ ಆರ್‌ಜಿಬಿ ಅನ್ನುವ ಬಣ್ಣದ ಅಳತೆಯಲ್ಲಿದೆ ಅಂತ ಅರ್ಥ. ಫೋಟೊ ಹಾಕುವ ಮುಂಚೆ ಇವನು ಅಳತೆಗೆ ಕತ್ತರಿಸಿದ್ದ, ಬೆಳಕು ಸ್ವಲ್ಪ ಏರಿಸಿದ್ದ. ಬಣ್ಣದ ಅಳತೆ ಅಂತ ಒಂದು ಇದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೋಟೊ ಅಂದರೆ ಕಂಪ್ಯೂಟರಿಗೆ ಬರೀ ಅಂಕಿ. ಒಂದೊಂದು ಚುಕ್ಕೆಗೆ ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು ಅಂತ 0ಯಿಂದ 255ರವರೆಗೆ ಮೂರು ಅಂಕಿ. ಆ ಅಂಕಿಯನ್ನು ಯಾವ ಅಳತೆಯಲ್ಲಿ ಓದಬೇಕು ಅಂತ ಫೈಲಿನೊಳಗೆ ಒಂದು ಚೀಟಿ ಇರುತ್ತದೆ. ಅದೇ ಪ್ರೊಫೈಲ್. ಇಂಟರ್‌ನೆಟ್ಟಿನ ಮಾಮೂಲಿ ಅಳತೆ ಎಸ್ಆರ್‌ಜಿಬಿ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸೇರಿ 1996ರಲ್ಲಿ ತಂದದ್ದು. ಅಡೋಬಿ ಆರ್‌ಜಿಬಿ ಬಂದದ್ದು 1998ರಲ್ಲಿ, ಮುದ್ರಣದವರಿಗಾಗಿ. ಅದರ ಬುಟ್ಟಿ ದೊಡ್ಡದು, ಇನ್ನೂ ಗಾಢವಾದ ಹಸಿರು ಹಿಡಿಯುತ್ತದೆ. ಬುಟ್ಟಿ ದೊಡ್ಡದಾದ್ದರಿಂದ ಅದೇ ಬಣ್ಣಕ್ಕೆ ಅಲ್ಲಿ ಅಂಕಿ ಚಿಕ್ಕದು. ಎಸ್ಆರ್‌ಜಿಬಿಯಲ್ಲಿ ಅಪ್ಪಟ ಕೆಂಪು 255 ಇದ್ದರೆ, ಅದೇ ಕೆಂಪಿಗೆ ಅಡೋಬಿಯಲ್ಲಿ 219 ಸಾಕು. ಚೀಟಿ ಜೊತೆಗಿದ್ದರೆ ತೊಂದರೆ ಇಲ್ಲ. ಎಷ್ಟೋ ತಾಣಗಳು ಫೋಟೊ ಚಿಕ್ಕದು ಮಾಡುವಾಗ ತೂಕ ಇಳಿಸಲು ಆ ಚೀಟಿಯನ್ನು ಹರಿದು ಎಸೆಯುತ್ತವೆ. ಆಮೇಲೆ ಮೊಬೈಲು 219 ಅನ್ನುವುದನ್ನು ಮಾಮೂಲಿ ಅಳತೆಯಲ್ಲೇ ಓದುತ್ತದೆ. ಕೆಂಪು ಕಂದುತ್ತದೆ. ರಾಶಿಯನ್ನು ಸೇರಿನಲ್ಲಿ ಅಳೆದು, ಚೀಟಿಯಲ್ಲಿ ಬರೀ "ನಲವತ್ತು" ಅಂತ ಬರೆದು, ಓದಿದವನು ಅದನ್ನು ಕೆಜಿ ಅಂದುಕೊಂಡ ಹಾಗೆ.

ನನ್ನ ಸಿಸ್ಟಮ್ಮಿನಲ್ಲಿ ಮೂಲ ಫೈಲನ್ನೂ ತಾಣದಿಂದ ಇಳಿಸಿಕೊಂಡ ಫೈಲನ್ನೂ ಫೋಟೊಶಾಪ್‌ನಲ್ಲಿ ತೆರೆದೆ. ಒಂದೇ ಕಾಯಿಯ ಮೇಲೆ, ಒಂದೇ ಸುಕ್ಕಿನ ಮೇಲೆ ಬಾಣ ಇಟ್ಟು ಅಂಕಿ ಓದಿದೆವು. ಎರಡರಲ್ಲೂ ಹೆಚ್ಚುಕಮ್ಮಿ ಅದೇ ಅಂಕಿ. ಪರದೆಯ ಮೇಲೆ ಮಾತ್ರ ಒಂದು ಕೆಂಪು, ಒಂದು ಕಂದು. ಅಳಿಯ ಬಹಳ ಹೊತ್ತು ಬಾಣವನ್ನು ಆಚೆ ಈಚೆ ಆಡಿಸುತ್ತಾ ಕೂತ.

ಆಮೇಲೆ ಕೇಳಿದ, "ಕ್ಯಾಮೆರಾನ ಆ ಸೆಟ್ಟಿಂಗ್‌ನಾಗ ಇಟ್ಟವರು ಯಾರು ಮಾಮಾ? ನಾ ಮುಟ್ಟಿಲ್ಲ."

ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹಿಂದಿನ ಮಾಲೀಕರು ಇಟ್ಟಿದ್ದರು. ಕೊಡಿಸುವಾಗ ಶಟರ್ ನೋಡಿದೆ, ಲೆನ್ಸಿನಲ್ಲಿ ಬೂಷ್ಟು ಇದೆಯಾ ನೋಡಿದೆ, ಬ್ಯಾಟರಿ ನೋಡಿದೆ. ಮೆನುವಿನೊಳಗೆ ಹೋಗಿ ಎಲ್ಲ ಸೆಟ್ಟಿಂಗ್ ಮೊದಲಿನಂತೆ ಮಾಡಿ ಕೊಡಬೇಕಾಗಿದ್ದು ನಾನು. ಮಾಡಿರಲಿಲ್ಲ. ಅವನು ವಾರವೆಲ್ಲ ಯಾವ್ಯಾವುದೋ ದೇಶದವರನ್ನು ಬೈದಿದ್ದ. ಆರೋಪಿ ಚಹಾ ತರಿಸಿಕೊಂಡು ಎದುರಿಗೇ ಕೂತಿದ್ದ.

ಇಲ್ಲಿಗೆ ಪ್ರಕರಣ ಮುಗಿಯಿತು ಅಂದುಕೊಂಡರೆ ಅದೂ ತಪ್ಪು. ಬಣ್ಣ ಸರಿಯಿದ್ದಿದ್ದರೆ 7 ಬರುತ್ತಿತ್ತು ಅನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿ ಇಲ್ಲ. ಒಮ್ಮೆ ಮುಗಿದ ಸ್ಪರ್ಧೆಗೆ ಅದೇ ಫೋಟೊ ಮತ್ತೆ ಹಾಕುವಂತಿಲ್ಲ. ಅದಕ್ಕೆ ನಾವೇ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಬಣ್ಣ ಸರಿಮಾಡಿದ ಫೋಟೊವನ್ನು ಮೊಬೈಲಿನಲ್ಲಿಟ್ಟು, ಪ್ರಿಂಟಿಗೆ ಕಾದು ಕೂತವರಿಗೆ ಸ್ವಲ್ಪ ಹೊತ್ತು ತೋರಿಸುವುದು. ಅಳಿಯ ಮೊದಲು "ಹೆಂಗೈತ್ರಿ?" ಅಂತ ಕೇಳುತ್ತಿದ್ದ. ಎಲ್ಲರೂ "ಚಲೋ ಐತಿ" ಅನ್ನುತ್ತಿದ್ದರು. ಮುಖ ನೋಡಿ ಹೇಳುವ ಮಾತು ಅದು, ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. "ಹೆಂಗೈತಿ ಅನಬ್ಯಾಡ, ಏನ್ ಕಾಣತು ಅಂತ ಕೇಳು," ಅಂದೆ.

ಆಗ ಬೇರೆ ಬೇರೆ ಉತ್ತರ ಬಂದವು. ಮೆಣಸಿನಕಾಯಿ. ಮೆಣಸಿನಕಾಯಿ ರಾಶಿ. ಒಬ್ಬ ಕಾಲೇಜು ಹುಡುಗಿ "ಬಳೆ" ಅಂದಳು. ಕೈ ಅಂದವರು ಬಹಳ ಕಮ್ಮಿ. ಕೈ ಏನು ಮಾಡುತ್ತಿದೆ ಅಂತ ಹೇಳಿದವರು ಇನ್ನೂ ಕಮ್ಮಿ. ಇವನ ಪ್ರಕಾರ ಇದು ತುಂಬು ಮುರಿಯುವ ಫೋಟೊ. ನೋಡಿದವರಿಗೆ ಕಂಡದ್ದು ಕಾಯಿ ಮತ್ತು ಬಳೆ. ಮೆಣಸಿನಕಾಯಿ ಊರಿನಲ್ಲೇ ಹೀಗಾದರೆ, ಹನ್ನೊಂದು ಸೆಕೆಂಡಿನಲ್ಲಿ ಎಲ್ಲೋ ಕೂತು ನೋಡುವವನಿಗೆ ಏನು ತಿಳಿಯಬೇಕು? ತುಂಬು ಹಿಡಿದ ಬೆರಳು ರಾಶಿಯ ಒಳಗೆ ಮುಳುಗಿತ್ತು. ಅವನು ಇನ್ನೂ ಅರ್ಧ ಅಡಿ ಕೆಳಗೆ ಕೂತು ತೆಗೆಯಬೇಕಿತ್ತು. ಆಗ ಬೆರಳು ರಾಶಿಯಿಂದ ಮೇಲಕ್ಕೆ ಎದ್ದು ಕಾಣುತ್ತಿತ್ತು.

ಒಬ್ಬ ಅಜ್ಜಿ ಮಾತ್ರ, ಕನ್ನಡಕ ಏರಿಸಿ, ನೋಡಿ, "ಪಾಪ, ಕೈ ಉರಿಬಾರದಂತ ಎಣ್ಣಿ ಹಚ್ಕೊಂಡಾಳ," ಅಂದರು. ದೊಡ್ಡದು ಮಾಡಿ ನೋಡಿದೆವು. ಹೌದು, ಬೆರಳ ಗಿಣ್ಣಿನ ಮೇಲೆ ಎಣ್ಣೆಯ ಹೊಳಪು ಇತ್ತು. ಬಿಸಿಲಿನ ಪಟ್ಟಿ ಹಿಡಿದಿದ್ದೇ ಆ ಎಣ್ಣೆಯನ್ನು. ತೆಗೆದವನಿಗೆ ಅದು ಬರೀ ಬೆಳಕಾಗಿತ್ತು.

ಇನ್ನೊಂದು ಮಾತು. ಕಾರಣ ಹೇಳದ ಅಂಕ ಇಂಟರ್‌ನೆಟ್ಟಿನಿಂದ ಹುಟ್ಟಿದ್ದಲ್ಲ. ನಮ್ಮಲ್ಲಿ ಸಲೂನ್, ಅಂದರೆ ತೀರ್ಪುಗಾರರು ಫೋಟೊ ಆರಿಸುವ ಸ್ಪರ್ಧೆ-ಪ್ರದರ್ಶನದ ಪದ್ಧತಿ ಹಳೆಯದು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಸಲೂನ್‌ಗಳಿಗೆ ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್ 1950ರದು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅಂಥ ವನ್ಯಜೀವಿ ಫೋಟೊಗ್ರಾಫರುಗಳು ಈ ದಾರಿಯಲ್ಲೇ ಹೆಸರು ಮಾಡಿದ್ದು. ಅಂಚೆಯಲ್ಲಿ ಪ್ರಿಂಟ್ ಕಳಿಸಬೇಕು. ಆರಿಸಿದರೆ ಹಿಂಬದಿಗೆ ಒಂದು ಲೇಬಲ್ ಅಂಟಿಕೊಂಡು ವಾಪಸ್ ಬರುತ್ತಿತ್ತು. ಆರಿಸದಿದ್ದರೆ ಲೇಬಲ್ ಇಲ್ಲದೆ ಬರುತ್ತಿತ್ತು. ಕಾರಣ ಬೇಕಾದವರು ಕ್ಲಬ್ಬಿನ ಹಿರಿಯರ ಮುಂದೆ ಪ್ರಿಂಟ್ ಇಟ್ಟು ಬೈಸಿಕೊಳ್ಳಬೇಕಿತ್ತು. ಈಗಿನ ಹುಡುಗರಿಗೆ ಲೇಬಲ್ ಸಿಗುತ್ತದೆ, ಬೈಯುವ ಹಿರಿಯರು ಸಿಗುವುದಿಲ್ಲ.

ಅಳಿಯ ಇದಕ್ಕೆ ತನ್ನ ಪೇಟೆಯ ಹೋಲಿಕೆ ಕೊಟ್ಟ. ಬ್ಯಾಡಗಿಯಲ್ಲಿ ಖರೀದಿದಾರ ರಾಶಿಯ ಮುಂದೆ ನಿಂತು ಒಂದು ಕಾಯಿ ಮುರಿಯುತ್ತಾನೆ, ಬೀಜ ನೋಡುತ್ತಾನೆ, ಮೂಸುತ್ತಾನೆ, ಟೆಂಡರಿಗೆ ಒಂದು ದರ ಬರೆಯುತ್ತಾನೆ. ಯಾಕೆ ಇಷ್ಟು ಅಂತ ಬರೆಯುವುದಿಲ್ಲ. ಆದರೆ ಅವನು ಮುರಿದದ್ದು ರೈತನ ಕಣ್ಣೆದುರಿಗೆ. ಕಾಯಿ ಪಟ್ ಅಂತ ಮುರಿಯದೆ ಬಾಗಿದರೆ ಹಸಿ ಇದೆ ಅಂತ ರೈತನಿಗೂ ತಿಳಿಯುತ್ತದೆ. ಅದೂ ತಿಳಿಯದೆ ದರ ಬಿದ್ದರೆ ಏನಾಗುತ್ತದೆ ಅನ್ನುವುದನ್ನು ಅವನು 2024ರ ಮಾರ್ಚ್‌ನಲ್ಲಿ ಹತ್ತಿರದಿಂದ ನೋಡಿದ್ದ. ದಿಢೀರನೆ ದರ ಕುಸಿದ ದಿನ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ದರು, ವಾಹನಗಳು ಸುಟ್ಟಿದ್ದವು. "ನಾ ಬರೇ ರಿಫ್ರೆಶ್ ಮಾಡಿದ್ನಿ," ಅಂದ. ಅವತ್ತು ಅವನು ನಕ್ಕಿದ್ದು ಅದೇ ಮೊದಲು.

ಕ್ಯಾಮೆರಾವನ್ನು ಎಸ್ಆರ್‌ಜಿಬಿಗೆ ತಿರುಗಿಸಿದೆವು. ಅಡಿಗೆರೆ ತನ್ನ ಜಾಗಕ್ಕೆ ಮರಳಿತು. ಹಾಕುವ ಮುಂಚೆ ಬೇರೆಯವರ ಮೊಬೈಲಿನಲ್ಲಿ ಒಮ್ಮೆ ನೋಡುವುದು ಅಂತ ಮಾಡಿಕೊಂಡ. ಮುಂದಿನ ಸೀಸನ್ನಿನಲ್ಲಿ ಅದೇ ಅಂಗಳಕ್ಕೆ ಹೋಗಿ, ಅದೇ ಅಮ್ಮನನ್ನು ಕೇಳಿ, ನೆಲಕ್ಕೆ ಕೂತು ಎಣ್ಣೆ ಹಚ್ಚಿದ ಕೈ ತೆಗೆದ. ಆ ವಾರದ ವಿಷಯ "ಕೆಲಸ". 5.71 ಬಂತು. ಮೊದಲ ಮೂರರ ಹತ್ತಿರವೂ ಇಲ್ಲ. ಒಬ್ಬರು ಮಾತು ಬರೆದಿದ್ದರು, "ಒಳ್ಳೆಯ ಬಣ್ಣ" ಅಂತ.

ಇನ್ನೊಂದು ಬದಲಾವಣೆ ಅವನೇ ಮಾಡಿಕೊಂಡದ್ದು. ಈಗ 3 ಅಥವಾ ಅದಕ್ಕಿಂತ ಕಮ್ಮಿ ಕೊಟ್ಟ ಪ್ರತಿ ಫೋಟೊಗೂ ಮುರುಕು ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯುತ್ತಾನೆ, ಹೆಸರು ಸಮೇತ. ನನಗೆ ಏನು ಕಂಡಿತು ಅಂತ ಅಷ್ಟೇ. ಕೆಲವರು ಥ್ಯಾಂಕ್ಸ್ ಅಂದರು. ಒಬ್ಬ ನೀನ್ಯಾರು ಹೇಳುವುದಕ್ಕೆ ಅಂತ ಬರೆದ. ಮೊನ್ನೆ ಗುರುವಾರ ರಾತ್ರಿ ಅಳಿಯ ಫೋನ್ ಮಾಡಿದ.

"ಮಾಮಾ, ಈ ವಾರ ನನ್ನ ಫೋಟೊಕ್ಕ ಒಂದರ ಅಂಕ ಮೂರು ಬಿದ್ದಾವ. ಆ ನೀನ್ಯಾರು ಅಂದವನ ಹಾಕ್ಯಾನ ಅಂತೀರೇನು?"

"ಎಷ್ಟು ಮತ ಬಿದ್ದಾವ?" ಅಂದೆ.

"ನೂರಾ ಹದಿನಾಕು."

"ತಗದು ಲೆಕ್ಕ ಹಾಕು. ಹಾಕಿ ಮಲ್ಕೊ."